ಗೇಟು ಮುಚ್ಚಿದರು, ದಾರಿ ಮುಚ್ಚಲಿಲ್ಲ

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ರೈಲ್ವೆ ಗೇಟುಗಳನ್ನು ಮುಚ್ಚುವುದಕ್ಕೆ ನಮ್ಮ ವಿರೋಧವಿಲ್ಲ. ಹಳಿಯೂ ರಸ್ತೆಯೂ ಒಂದೇ ಮಟ್ಟದಲ್ಲಿ ಅಡ್ಡ ಹಾಯುವುದೇ ಅಪಾಯ. ಅದನ್ನು ತಪ್ಪಿಸಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ.

ನಮ್ಮ ತಕರಾರು ಬೇರೆ. ಗೇಟು ಮುಚ್ಚಿದ ಮೇಲೆ ಅಲ್ಲಿ ಏನು ಉಳಿಯುತ್ತದೆ, ಅದನ್ನು ಯಾರು ನೋಡಿಕೊಳ್ಳುತ್ತಾರೆ, ಆ ಜಾಗದಲ್ಲಿ ದಿನಾ ಯಾರು ದಾಟುತ್ತಾರೆ ಅನ್ನುವುದನ್ನು ಯಾರೂ ಕೇಳುತ್ತಿಲ್ಲ.

ನಿಮ್ಮ ಊರಿನ ಹತ್ತಿರವೂ ಇಂಥದೊಂದು ಜಾಗ ಇರಬಹುದು. ಟಾರು ರಸ್ತೆ ನೆಟ್ಟಗೆ ಹಳಿಯವರೆಗೂ ಬರುತ್ತದೆ. ಹಂಪ್ ಹಾಗೇ ಇದೆ. ವಿದ್ಯುತ್ ತಂತಿಗೆ ಲಾರಿ ತಗಲದಿರಲೆಂದು ನಿಲ್ಲಿಸಿದ ಕಬ್ಬಿಣದ ಕಮಾನು ಹಾಗೇ ಇದೆ. ಗೇಟ್‌ಮನ್ ಕೂರುತ್ತಿದ್ದ ಕೋಣೆಗೆ ಬಾಗಿಲಿಲ್ಲ, ಒಳಗೆ ಇಸ್ಪೀಟು ಆಡುತ್ತಾರೆ. ರಸ್ತೆಗೆ ಅಡ್ಡಲಾಗಿ ಹಳೆಯ ಹಳಿಯ ತುಂಡುಗಳನ್ನು ನೆಟ್ಟಿದ್ದಾರೆ. ಅದರ ಪಕ್ಕದಲ್ಲಿ ಒಂದು ಬೈಕ್ ತೂರುವಷ್ಟು ಸಂದಿ. ಆ ಸಂದಿಯಲ್ಲಿ ನೆಲ ಸವೆದು ನುಣ್ಣಗಾಗಿದೆ.

ಕಾಗದದಲ್ಲಿ ಆ ಕ್ರಾಸಿಂಗ್ ಇಲ್ಲ. ನೆಲದ ಮೇಲೆ ಇದೆ.

ಗೇಟು ಹೇಗೆ ಹೋಗುತ್ತದೆ

2012ರ ಫೆಬ್ರುವರಿಯಲ್ಲಿ ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಸುರಕ್ಷತಾ ಸಮಿತಿ ರೈಲ್ವೆಗೆ ವರದಿ ಕೊಟ್ಟಿತು. ಕಾವಲು ಇರಲಿ ಇಲ್ಲದಿರಲಿ, ದೇಶದ ಎಲ್ಲ ಲೆವೆಲ್ ಕ್ರಾಸಿಂಗ್‌ಗಳನ್ನೂ ಐದು ವರ್ಷದೊಳಗೆ ತೆಗೆಯಿರಿ, ಅದಕ್ಕೆ ಸುಮಾರು 50 ಸಾವಿರ ಕೋಟಿ ರೂಪಾಯಿ ಬೇಕಾಗುತ್ತದೆ ಎಂದು ಅದು ಹೇಳಿತು. ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವಿತ್ತು. ಹಳಿ ದಾಟಲು ಹೋಗಿ ವರ್ಷಕ್ಕೆ ಸುಮಾರು 15 ಸಾವಿರ ಜನ ಸಾಯುತ್ತಿದ್ದಾರೆ ಎಂಬ ಲೆಕ್ಕ. ಮೊದಲನೆಯ ಮಾತು ಎಲ್ಲರಿಗೂ ನೆನಪಿದೆ. ಎರಡನೆಯದನ್ನು ಮರೆತಿದ್ದಾರೆ.

2014ರ ಜುಲೈನಲ್ಲಿ ತೆಲಂಗಾಣದ ಮಾಸಾಯಿಪೇಟೆಯಲ್ಲಿ ಕಾವಲಿಲ್ಲದ ಕ್ರಾಸಿಂಗ್ ದಾಟುತ್ತಿದ್ದ ಶಾಲಾ ಬಸ್ಸಿಗೆ ರೈಲು ಬಡಿಯಿತು. 2018ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಕುಶಿನಗರದಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು 13 ಮಕ್ಕಳು ಸತ್ತರು. ಆಮೇಲೆ ಕೆಲಸ ಓಡಿತು. 2019ರ ಜನವರಿ ಕೊನೆಯ ಹೊತ್ತಿಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಕ್ರಾಸಿಂಗ್‌ಗಳನ್ನೆಲ್ಲ ತೆಗೆದರು. ಇದು ಸಣ್ಣ ಸಾಧನೆಯಲ್ಲ. ಎಷ್ಟೋ ಜೀವ ಉಳಿದಿವೆ.

ಹಾಗೆ ತೆಗೆದದ್ದು ನಾಲ್ಕು ರೀತಿಯಲ್ಲಿ. ಕೆಲವು ಕಡೆ ಗೇಟ್‌ಮನ್ ಇಟ್ಟರು. ಕೆಲವು ಕಡೆ ಕೆಳಸೇತುವೆ ಕಟ್ಟಿದರು. ಕೆಲವು ಕಡೆ ಹಳಿಯ ಪಕ್ಕದಲ್ಲೇ ರಸ್ತೆ ಮಾಡಿ, ಮುಂದಿನ ಗೇಟಿಗೆ ಸೇರಿಸಿದರು. ಇನ್ನು ಕೆಲವನ್ನು, ಇಲ್ಲಿ ಓಡಾಟವೇ ಇಲ್ಲ ಎಂದು ಸುಮ್ಮನೆ ಮುಚ್ಚಿದರು. ಈಗ ಕಾವಲಿರುವ ಗೇಟುಗಳ ಸರದಿ. ದೇಶದಲ್ಲಿ ಇನ್ನೂ ಸುಮಾರು 17 ಸಾವಿರ ಇವೆ. ಒಂದೊಂದಾಗಿ ಅವೂ ಹೋಗುತ್ತವೆ, ಹೋಗಲೇಬೇಕು.

ಓಡಾಟ ಇದೆಯೋ ಇಲ್ಲವೋ ಎಂದು ಅಳೆಯುವುದಕ್ಕೆ ರೈಲ್ವೆಯಲ್ಲಿ ಒಂದು ಲೆಕ್ಕವಿದೆ. ಅದಕ್ಕೆ ಟಿವಿಯು ಅನ್ನುತ್ತಾರೆ. ದಿನಕ್ಕೆ ಎಷ್ಟು ರೈಲು, ಎಷ್ಟು ವಾಹನ ಹಾಯುತ್ತವೆ ಎಂದು ಎಣಿಸಿ ಎರಡನ್ನೂ ಗುಣಿಸುವುದು. 20 ರೈಲು, 100 ವಾಹನ ಅಂದರೆ 2,000. ಈ ಸಂಖ್ಯೆ ಒಂದು ಲಕ್ಷ ದಾಟಿದರೆ ರೈಲ್ವೆಯೂ ರಾಜ್ಯವೂ ಅರ್ಧರ್ಧ ಖರ್ಚು ಹಾಕಿ ಮೇಲ್ಸೇತುವೆ ಕಟ್ಟುವ ಲೆಕ್ಕಕ್ಕೆ ಬರುತ್ತದೆ. ಕಾರು, ಲಾರಿ ಈ ಲೆಕ್ಕದಲ್ಲಿ ಬರುತ್ತವೆ. ಎತ್ತಿನ ಗಾಡಿಯೂ ಬರುತ್ತದೆ.

ನಡೆದುಹೋಗುವ ಮನುಷ್ಯ ಬರುವುದಿಲ್ಲ.

ಇಲ್ಲೇ ಇರುವುದು ಗಂಟು. ಹೊಲಕ್ಕೆ ಕಳೆ ತೆಗೆಯಲು ಹೋಗುವ ಹತ್ತು ಹೆಣ್ಣುಮಕ್ಕಳು, ಶಾಲೆಗೆ ಹೋಗುವ ಮಕ್ಕಳು, ಕುರಿ ಹಿಂಡು, ಹುಲ್ಲಿನ ಹೊರೆ ಹೊತ್ತವರು, ಸುಡುಗಾಡಿಗೆ ಹೆಣ ಹೊತ್ತು ಹೋಗುವವರು ಇವರ್ಯಾರೂ ಆ ಗುಣಾಕಾರದಲ್ಲಿಲ್ಲ. ಅವರೆಲ್ಲ ದಿನಾ ದಾಟಿದರೂ ಲೆಕ್ಕದಲ್ಲಿ ಸೊನ್ನೆಯೇ. ಸೊನ್ನೆ ಎಂದು ಬರೆದು ಮುಚ್ಚಿದ ಕಡೆಯೆಲ್ಲ ಜನ ಇಂದಿಗೂ ದಾಟುತ್ತಿದ್ದಾರೆ. ಮೊದಲಿನಿಂದಲೂ ದಾಟುತ್ತಿದ್ದವರು ಅವರೇ ಅಲ್ಲವೇ?

ಗೇಟಿನ ಜೊತೆ ಹೋದದ್ದು ಏನೇನು

ಗೇಟು ಅಂದರೆ ಬರೀ ಒಂದು ಕೋಲು ಅಂದುಕೊಳ್ಳುತ್ತೇವೆ. ಅಲ್ಲಿ ಮೂರು ರಕ್ಷಣೆ ಇದ್ದವು.

ಒಂದು, ಅಡ್ಡಕೋಲು. ಎರಡು, ಮನುಷ್ಯ. ಬಾವುಟ, ಲಾಟೀನು ಹಿಡಿದು, ಫೋನಿನ ಹತ್ತಿರ ಕೂತು, “ನಿಲ್ರೀ, ಗಾಡಿ ಬರ್ತೈತಿ” ಎಂದು ಕೂಗುವವನು. ಕುಡಿದವನನ್ನು ಕೈಹಿಡಿದು ಆಚೆ ದಾಟಿಸುತ್ತಿದ್ದವನೂ ಅವನೇ.

ಮೂರನೆಯದು ಸೀಟಿ. ಇದನ್ನು ಯಾರೂ ಗಮನಿಸುವುದಿಲ್ಲ. ಲೆವೆಲ್ ಕ್ರಾಸಿಂಗಿಗೆ 600 ಮೀಟರ್ ಮುಂಚೆ ಹಳಿಯ ಪಕ್ಕ ‘ಡಬ್ಲ್ಯು/ಎಲ್’ ಎಂದು ಬರೆದ ಹಳದಿ ಫಲಕ ಇರುತ್ತದೆ. ಅದನ್ನು ಕಂಡ ಕೂಡಲೇ ಲೋಕೋ ಪೈಲಟ್ ಸೀಟಿ ಹಾಕಬೇಕು. ಕ್ರಾಸಿಂಗ್ ಪಟ್ಟಿಯಿಂದ ಹೋದರೆ ಆ ಫಲಕಕ್ಕೂ ಅಲ್ಲಿ ಕೆಲಸವಿಲ್ಲ. ಇಲ್ಲಿ ಜನ ದಾಟುತ್ತಾರೆ ಎಂದು ಅವರಿಗೆ ಹೇಳುವ ಗುರುತೇ ಇಲ್ಲದಂತಾಗುತ್ತದೆ.

ಕೋಲು ಹೋಯಿತು, ಮನುಷ್ಯ ಹೋದ, ಸೀಟಿಯೂ ಹೋಯಿತು. ಟಾರು ರಸ್ತೆ ಮಾತ್ರ ಉಳಿಯಿತು. ಅದು ದಿನವೂ ಬಾ ಬಾ ಎಂದು ಕರೆಯುತ್ತದೆ. ಅಜ್ಜನ ಕಾಲದಿಂದ ನಡೆದ ದಾರಿ ಅದು. ಕಾಲು ತಾನಾಗಿ ಅತ್ತಲೇ ಎಳೆಯುತ್ತದೆ.

ಇದೇ ಹೊತ್ತಿಗೆ ರೈಲೂ ಬದಲಾಗಿದೆ. ಹುಬ್ಬಳ್ಳಿ–ಬೆಂಗಳೂರು ಮಾರ್ಗವನ್ನೇ ನೋಡಿ. ವಿದ್ಯುತ್ ಬಂತು, ಜೋಡಿ ಹಳಿ ಬಂತು. 2023ರ ಜೂನ್‌ನಿಂದ ಧಾರವಾಡ–ಬೆಂಗಳೂರು ನಡುವೆ ವಂದೇ ಭಾರತ್ ಓಡುತ್ತಿದೆ. ಒಳ್ಳೆಯದೇ. ಆದರೆ ಹಳೆಯ ಡೀಸೆಲ್ ಎಂಜಿನ್ ದೂರದಿಂದಲೇ ಗುಡುಗುತ್ತಿತ್ತು, ಹೊಗೆ ಕಾಣುತ್ತಿತ್ತು. ವಿದ್ಯುತ್ ರೈಲು ಅಷ್ಟು ಸದ್ದು ಮಾಡದೆ ಬರುತ್ತದೆ, ಹತ್ತಿರ ಬಂದ ಮೇಲೆ ಗೊತ್ತಾಗುತ್ತದೆ.

ಲೆಕ್ಕ ಹಾಕಿ. ಗಂಟೆಗೆ 110 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 30 ಮೀಟರ್. ತಲೆಮೇಲೆ ಹೊರೆ ಹೊತ್ತ ಒಬ್ಬ ತಾಯಿಗೆ ಜಲ್ಲಿಕಲ್ಲು ಹತ್ತಿ, ಎರಡು ಜೋಡಿ ಹಳಿ ದಾಟಿ, ಆಚೆ ಇಳಿಯಲು 15 ಸೆಕೆಂಡ್ ಬೇಕು ಅಂದುಕೊಳ್ಳೋಣ. ಅಷ್ಟರಲ್ಲಿ ರೈಲು 450 ಮೀಟರ್ ಬಂದಿರುತ್ತದೆ. ಹಳಿ ತಿರುವಿನಲ್ಲಿದ್ದರೆ ಅಥವಾ ಜಾಲಿ ಬೆಳೆದಿದ್ದರೆ 450 ಮೀಟರ್ ದೂರ ಕಾಣುವುದೇ ಇಲ್ಲ. ಕಂಡ ತಕ್ಷಣ ಬ್ರೇಕ್ ಹಾಕಿದರೂ ರೈಲು ಅಷ್ಟರಲ್ಲಿ ನಿಲ್ಲುವುದಿಲ್ಲ.

ಜೋಡಿ ಹಳಿಯ ಅಪಾಯ ಇನ್ನೊಂದು. ಗೂಡ್ಸ್ ಗಾಡಿ ಹೋಗಲಿ ಎಂದು ಕಾಯುತ್ತಾರೆ. ಕೊನೆಯ ಡಬ್ಬಿ ದಾಟಿತು ಎಂದು ಹೆಜ್ಜೆ ಇಡುತ್ತಾರೆ. ಅದರ ಸದ್ದಿನಲ್ಲಿ, ಅದರ ಮರೆಯಲ್ಲಿ, ಪಕ್ಕದ ಹಳಿಯ ಮೇಲೆ ಎದುರಿನಿಂದ ಇನ್ನೊಂದು ಬರುತ್ತಿರುತ್ತದೆ. ಒಂದೇ ಹಳಿಯ ಕಾಲದಲ್ಲಿ ಬೆಳೆದ ಕಣ್ಣು ಕಿವಿಗೆ ಇದರ ಅಭ್ಯಾಸವಿಲ್ಲ.

ಆದ್ದರಿಂದ ನಾವು ಹೇಳುವುದು ಇಷ್ಟೇ. ಕಾವಲಿದ್ದ ಗೇಟಿಗಿಂತ ಹೀಗೆ ಅರ್ಧ ಮುಚ್ಚಿದ ಗೇಟು ಹೆಚ್ಚು ಅಪಾಯ. ಅಪಾಯವಿದ್ದ ಜಾಗದಿಂದ ರಕ್ಷಣೆಯನ್ನು ತೆಗೆದಿದ್ದೇವೆ, ಅಪಾಯವನ್ನು ತೆಗೆದಿಲ್ಲ.

ಕೆಳಸೇತುವೆ ಅನ್ನುವ ಕೆರೆ

“ಕೆಳಗೆ ದಾರಿ ಮಾಡಿಕೊಟ್ಟಿದ್ದೇವಲ್ಲ, ಅದರಲ್ಲಿ ಹೋಗಲಿ” ಅನ್ನುವುದು ಕಚೇರಿಗಳ ಉತ್ತರ. ನ್ಯಾಯವಾದ ಮಾತೇ. ಆ ದಾರಿ ದಾರಿಯಾಗಿದ್ದರೆ.

ಮಳೆಗಾಲದಲ್ಲಿ ಹೋಗಿ ನೋಡಬೇಕು. ಹಳಿಯ ಕೆಳಗೆ ಸಿಮೆಂಟಿನ ಪೆಟ್ಟಿಗೆ ತೂರಿಸಿ ಮಾಡಿದ ದಾರಿ ಅಕ್ಕಪಕ್ಕದ ನೆಲಕ್ಕಿಂತ ತಗ್ಗಿನಲ್ಲಿರುತ್ತದೆ. ಸುತ್ತಲಿನ ಹೊಲದ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ನೀರಾವರಿ ಪ್ರದೇಶವಾದರೆ ಗೋಡೆಯಿಂದಲೇ ಒಸರುತ್ತದೆ. ಎರೆ ಭೂಮಿಯಾದರೆ ಮೊಣಕಾಲುದ್ದ ಕೆಸರು. ನೀರು ಹೊರಗೆ ಹೋಗಲು ಚರಂಡಿ ತೋಡುವಷ್ಟು ಇಳಿಜಾರು ಇಲ್ಲದಿದ್ದರೆ ಪಂಪು ಹಚ್ಚಿಯೇ ಎತ್ತಬೇಕು. ಪಂಪು ಇದ್ದರೆ ಕರೆಂಟಿಲ್ಲ. ಕರೆಂಟಿದ್ದರೆ ಅದರ ಬಿಲ್ಲು ಯಾರು ಕಟ್ಟಬೇಕು ಎಂದು ತೀರ್ಮಾನವಾಗಿಲ್ಲ.

ನಮ್ಮ ಜಿಲ್ಲೆಯ ಒಂದು ಊರಿನಲ್ಲಿ ಹಳಿ ದಾಟುತ್ತಿದ್ದ ಅಜ್ಜಿಯೊಬ್ಬರನ್ನು, “ಯಾಕಬೇ, ಕೆಳಗ ದಾರಿ ಮಾಡ್ಯಾರಲ್ಲ” ಎಂದು ಕೇಳಿದೆವು. “ತಮ್ಮಾ, ಆ ನೀರಾಗ ನಾ ಈಸಬೇಕೇನು?” ಅಂದರು. ನಮಗೆ ಮುಂದೆ ಕೇಳಲು ಏನೂ ಉಳಿದಿರಲಿಲ್ಲ.

ಎತ್ತರದ ಮಾತೂ ಇದೆ. ಹಳ್ಳಿ ರಸ್ತೆಗಳಿಗೆ ಕಟ್ಟುವುದು ಹೆಚ್ಚಾಗಿ ಎತ್ತರ ಕಡಿಮೆ ಇರುವ ಕೆಳಸೇತುವೆ. ಕಾರು, ಬೈಕು ಆರಾಮಾಗಿ ಹೋಗುತ್ತವೆ. ಕಬ್ಬು ತುಂಬಿದ ಟ್ರ್ಯಾಕ್ಟರ್, ಹೊಟ್ಟು ಹೇರಿದ ಗಾಡಿ, ಕಟಾವು ಯಂತ್ರ ಹೋಗುವುದಿಲ್ಲ. ಸುಗ್ಗಿಯಲ್ಲಿ ಅವು ಬೇರೆ ಊರನ್ನು ಸುತ್ತಿ ಬರಬೇಕು. ಡೀಸೆಲ್ ಖರ್ಚು, ಬಾಡಿಗೆ ಎಲ್ಲ ರೈತನ ತಲೆಗೆ.

ನೀರು ನಿಂತರೆ ಯಾರನ್ನು ಕೇಳಬೇಕು? ಪಂಚಾಯ್ತಿಗೆ ಹೋದರೆ ಅದು ರೈಲ್ವೆಯ ಜಾಗ ಅನ್ನುತ್ತಾರೆ. ರೈಲ್ವೆಯವರನ್ನು ಕೇಳಿದರೆ ರಸ್ತೆ ನಮ್ಮದಲ್ಲ ಅನ್ನುತ್ತಾರೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ. ನಡುವೆ ನೀರಿನಲ್ಲಿ ನಿಂತವರು ಊರವರು.

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಕಾರು ಸಿಕ್ಕಿ ಒಬ್ಬ ಯುವತಿ ತೀರಿಕೊಂಡರು. ವಿಧಾನಸೌಧದ ಪಕ್ಕದ ಜಾಗ ಅದು. ಇಡೀ ರಾಜ್ಯ ಮರುಗಿತು, ನಗರದ ಅಂಡರ್‌ಪಾಸ್‌ಗಳನ್ನೆಲ್ಲ ಪರಿಶೀಲಿಸುವ ಮಾತು ಬಂತು. ಬರಬೇಕಾದದ್ದೇ. ಹಳ್ಳಿಯ ಕೆಳಸೇತುವೆಗಳನ್ನು ಹಾಗೆ ಪರಿಶೀಲಿಸಿ ಎಂದು ಕೇಳುವುದಕ್ಕೆ ಮುಂಚೆ ಅಂಥದೊಂದು ಸಾವು ಆಗಲೇಬೇಕೇ?

ಕಾನೂನು ಯಾರ ಕಡೆ

1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಹಳಿ ಮೇಲೆ ಹೋಗುವುದು ಅಪರಾಧ. ಆರು ತಿಂಗಳವರೆಗೆ ಜೈಲು, ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. 160ನೇ ಕಲಂ ಪ್ರಕಾರ ರಸ್ತೆಗೆ ಮುಚ್ಚಿದ ಗೇಟನ್ನು ತಾವೇ ತೆರೆದರೆ ಮೂರು ವರ್ಷದವರೆಗೆ, ಮುರಿದರೆ ಐದು ವರ್ಷದವರೆಗೆ ಜೈಲು. ನಿನ್ನೆಯವರೆಗೆ ಅದೇ ಜಾಗದಲ್ಲಿ ದಾಟಿದವರು ರಸ್ತೆ ಬಳಸುವವರು. ಗೇಟು ಮುಚ್ಚಿದ ಮರುದಿನ ಅವರೇ ಅತಿಕ್ರಮಿಗಳು. ಸತ್ತರೆ, ಟಿಕೆಟ್ ಇದ್ದ ಪ್ರಯಾಣಿಕರ ಕುಟುಂಬಕ್ಕೆ ಸಿಗುವ ಪರಿಹಾರ ಇವರ ಕುಟುಂಬಕ್ಕೆ ಸಿಗುವುದಿಲ್ಲ. ಈ ಮಾತು ಎಲ್ಲರಿಗೂ ಗೊತ್ತಿರಬೇಕು, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇವೆ.

ಅದೇ ಕಾಯ್ದೆಯ 16ನೇ ಕಲಂ ಇನ್ನೊಂದು ಮಾತೂ ಹೇಳುತ್ತದೆ. ರೈಲು ಮಾರ್ಗದಿಂದ ಅಕ್ಕಪಕ್ಕದ ಜಮೀನಿನ ಬಳಕೆಗೆ ಅಡ್ಡಿಯಾದರೆ ದಾಟುದಾರಿ, ಸೇತುವೆ, ಮೋರಿಗಳನ್ನು ರೈಲ್ವೆಯೇ ಮಾಡಿ, ಸುಸ್ಥಿತಿಯಲ್ಲಿ ಇಡಬೇಕು. ಅದರಲ್ಲೇ ಒಂದು ಕೊಕ್ಕೆಯೂ ಇದೆ. ಮಾರ್ಗ ಶುರುವಾಗಿ ಹತ್ತು ವರ್ಷವಾದ ಮೇಲೆ ಹೊಸದಾಗಿ ಇನ್ನೊಂದು ಬೇಕು ಎಂದರೆ ಅದರ ಖರ್ಚನ್ನು ರೈಲ್ವೆಯೇ ಹೊರಬೇಕು ಎಂದು ಜಮೀನುದಾರರು ಒತ್ತಾಯಿಸುವಂತಿಲ್ಲ. ಆಗ 17ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ಹಣ ಕೊಟ್ಟು ಮಾಡಿಸಿಕೊಳ್ಳಬಹುದು. ನಮ್ಮ ಮಾರ್ಗಗಳಲ್ಲಿ ಹಲವು ಬ್ರಿಟಿಷರ ಕಾಲದವು. ಹತ್ತು ವರ್ಷ ಯಾವಾಗಲೋ ಮುಗಿದಿದೆ. ಅಂದರೆ ಇರುವ ದಾರಿಯನ್ನು ಒಮ್ಮೆ ಬಿಟ್ಟುಕೊಟ್ಟರೆ ಮತ್ತೆ ಪಡೆಯುವುದು ಕಷ್ಟ. ಮಾತಾಡಬೇಕಾದದ್ದು ಗೇಟು ಮುಚ್ಚುವ ಮುಂಚೆ, ಆಮೇಲಲ್ಲ.

ಇದರ ಉಲ್ಟಾ ಕತೆ

ಇನ್ನೊಂದು ಬಗೆಯೂ ಇದೆ. ಮೇಲ್ಸೇತುವೆ ಕಟ್ಟಿ ಆಗಿದೆ, ಬಸ್ಸು ಲಾರಿ ಎಲ್ಲ ಮೇಲೆ ಹೋಗುತ್ತವೆ. ಕೆಳಗಿನ ಹಳೆಯ ರಸ್ತೆಯ ಕತೆ ಮುಗಿದಿದೆ. ಗೇಟು ಮಾತ್ರ ಹಾಗೇ ಇದೆ, ಗೇಟ್‌ಮನ್ ಪಾಳಿಯ ಮೇಲೆ ಬಂದು ಕೂರುತ್ತಾನೆ. ಮೇಲ್ಸೇತುವೆ ಸುತ್ತಲು ಬೇಸರಪಟ್ಟ ನಾಲ್ಕು ಬೈಕಿನವರಿಗಾಗಿ ಏಳುತ್ತದೆ, ಇಳಿಯುತ್ತದೆ. ಮುಚ್ಚಲು ಬಂದರೆ ಊರವರು ಧರಣಿ ಕೂರುತ್ತಾರೆ, ಮುಖಂಡರು ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ.

ಇದನ್ನು ನಾವು ಒಪ್ಪುವುದಿಲ್ಲ. ಸುಸ್ಥಿತಿಯ ಬದಲಿ ದಾರಿ ಇದ್ದಲ್ಲಿ ಹಳೆಯ ಗೇಟಿಗೆ ಜೋತು ಬೀಳುವುದು ಹಟ. 2025ರ ಜುಲೈನಲ್ಲಿ ತಮಿಳುನಾಡಿನ ಕಡಲೂರು ಹತ್ತಿರ ಶಾಲಾ ವ್ಯಾನಿಗೆ ರೈಲು ಬಡಿದು ಮೂವರು ಮಕ್ಕಳು ಸತ್ತದ್ದು ಕಾವಲಿದ್ದ ಗೇಟಿನಲ್ಲೇ. ಕಾವಲಿದ್ದರೂ ಮನುಷ್ಯರ ಕೈಯಿಂದ ತಪ್ಪಾಗುತ್ತದೆ.

ಆದರೆ ಊರವರ ಬೇಡಿಕೆಯನ್ನು ಕಿವಿಗೊಟ್ಟು ಕೇಳಿದರೆ, ಎಷ್ಟೋ ಕಡೆ ಅವರು ಕೇಳುತ್ತಿರುವುದು ಗೇಟನ್ನಲ್ಲ, ನಡೆದುಹೋಗುವ ದಾರಿಯನ್ನು. ಮೇಲ್ಸೇತುವೆ ವಾಹನಕ್ಕೆ ಅನುಕೂಲ. ಕಾಲ್ನಡಿಗೆಯವರಿಗೆ, ಆಚೆ ಕಾಣುವ ಶಾಲೆಗೆ ಹೋಗಲು ಬಿಸಿಲಲ್ಲಿ ಒಂದು ಕಿಲೋಮೀಟರ್ ಹತ್ತಿ ಇಳಿಯುವ ಶಿಕ್ಷೆ. ಒಂದು ಸಣ್ಣ ಕಾಲುದಾರಿಯ ಸುರಂಗವನ್ನೋ ಮೆಟ್ಟಿಲು ಸೇತುವೆಯನ್ನೋ ಸೇತುವೆಯ ನಕ್ಷೆಯಲ್ಲೇ ಸೇರಿಸಿದ್ದರೆ ಧರಣಿಯೇ ಇರುತ್ತಿರಲಿಲ್ಲ.

ನಾವು ಕೇಳುವುದು

ಒಂದು: ಬದಲಿ ದಾರಿ ಮೊದಲು, ಮುಚ್ಚುವುದು ಆಮೇಲೆ. ಕೆಳಸೇತುವೆ ಕಟ್ಟಿದರೆ ಒಂದು ಮಳೆಗಾಲ ನೋಡಿ. ನೀರು ನಿಲ್ಲದಿದ್ದರೆ ಮಾತ್ರ ಗೇಟು ಮುಚ್ಚಿ.

ಎರಡು: ಮುಚ್ಚಿದರೆ ಪೂರ್ತಿ ಮುಚ್ಚಿ. ಟಾರು ಕಿತ್ತುಹಾಕಿ, ಕಮಾನು ಇಳಿಸಿ, ಪಾಳುಬಿದ್ದ ಕೋಣೆ ಕೆಡವಿ, ಎರಡೂ ಕಡೆ ಉದ್ದಕ್ಕೆ ಬೇಲಿ ಹಾಕಿ. ಬದಲಿ ದಾರಿ ಎಲ್ಲಿದೆ, ಎಷ್ಟು ದೂರ ಎಂದು ಕನ್ನಡದಲ್ಲಿ ಫಲಕ ಹಾಕಿ. ಅರ್ಧ ಬಿಟ್ಟ ಕ್ರಾಸಿಂಗ್ ಇಟ್ಟ ಬಲೆಯಿದ್ದ ಹಾಗೆ.

ಮೂರು: ಎಲ್ಲಿ ಜನ ಇನ್ನೂ ದಾಟುತ್ತಿದ್ದಾರೋ ಅಲ್ಲಿ ಬದಲಿ ದಾರಿ ಆಗುವವರೆಗೆ ಸೀಟಿ ಫಲಕ ಇರಲಿ. ಒಂದು ಫಲಕಕ್ಕೆ ಎಷ್ಟು ಖರ್ಚಾದೀತು?

ನಾಲ್ಕು: ಎಣಿಸುವಾಗ ಮನುಷ್ಯರನ್ನೂ ಎಣಿಸಿ. ಸುಗ್ಗಿಯಲ್ಲಿ ಎಣಿಸಿ, ಶಾಲೆ ನಡೆಯುವಾಗ ಎಣಿಸಿ.

ಐದು: ಪ್ರತಿ ಕೆಳಸೇತುವೆಯ ಮೇಲೂ ನಿರ್ವಹಣೆ ಯಾರದ್ದು ಎಂದು ಇಲಾಖೆಯ ಹೆಸರು, ಫೋನ್ ನಂಬರ್ ಬರೆಯಿರಿ. ಎತ್ತು ಯಾವುದು, ಕೋಣ ಯಾವುದು ಎಂದು ನಮಗೂ ಗೊತ್ತಾಗಲಿ.

ನೀವು ಮಾಡಬಹುದಾದದ್ದು

ಗೇಟು ಮುಚ್ಚುವುದಕ್ಕೆ ರೈಲ್ವೆ ರಾಜ್ಯದ ಕಡೆಯಿಂದ, ಅಂದರೆ ಜಿಲ್ಲಾಡಳಿತ ಮತ್ತು ರಸ್ತೆಯ ಒಡೆತನವಿರುವ ಇಲಾಖೆಯ ಮೂಲಕ ಒಪ್ಪಿಗೆ ಕೇಳುತ್ತದೆ. ಅಂದರೆ ಫೈಲು ನಿಮ್ಮ ಜಿಲ್ಲಾಧಿಕಾರಿ ಕಚೇರಿಗೆ ಬಂದೇ ಬರುತ್ತದೆ. ನಿಮ್ಮ ಗ್ರಾಮಸಭೆಯಲ್ಲಿ ಅದಕ್ಕೂ ಮುಂಚೆ ನಿರ್ಣಯ ಮಾಡಿಸಿ. ಗೇಟಿನ ನಂಬರ್ ಬರೆಯಿರಿ, ದಿನಕ್ಕೆ ಎಷ್ಟು ಜನ, ಎಷ್ಟು ದನಕುರಿ ದಾಟುತ್ತವೆ ಎಂದು ನೀವೇ ಒಂದು ವಾರ ಎಣಿಸಿ ಬರೆಯಿರಿ. ಕಾಲೇಜು ಹುಡುಗರು ಫೋನಿನಲ್ಲೇ ಈ ಕೆಲಸ ಮಾಡಬಲ್ಲರು. ಗೇಟು ಬೇಡ ಅನ್ನಬೇಡಿ, ಬೇಕೇ ಬೇಕು ಎಂದೂ ಹಟ ಹಿಡಿಯಬೇಡಿ. ಬದಲಿ ದಾರಿ ಹೇಗಿರಬೇಕು, ಎಷ್ಟು ಎತ್ತರ ಬೇಕು, ನೀರು ಎತ್ತ ಹೋಗಬೇಕು ಎಂದು ಬರೆಯಿರಿ.

ಈಗಾಗಲೇ ಮುಚ್ಚಿದ್ದರೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. ಓಡಾಟದ ಲೆಕ್ಕದ ಪ್ರತಿ, ಜಿಲ್ಲಾಡಳಿತ ಕೊಟ್ಟ ಒಪ್ಪಿಗೆ ಪತ್ರ, ಕೆಳಸೇತುವೆಯ ನಕ್ಷೆ, ನೀರು ತೆಗೆಯುವ ಹೊಣೆ ಯಾರದ್ದು ಎಂಬ ಕಾಗದ. 30 ದಿನದಲ್ಲಿ ಉತ್ತರ ಕೊಡಬೇಕು.

ಅರ್ಜಿ ಸರಿಯಾದ ಕಚೇರಿಗೆ ಹೋಗಲಿ. ರಾಜ್ಯದ ಬಹುಪಾಲು ನೈಋತ್ಯ ರೈಲ್ವೆಯ ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳಿಗೆ ಸೇರಿದೆ. ಕಲಬುರಗಿಯವರು ಸೊಲ್ಲಾಪುರ ವಿಭಾಗಕ್ಕೆ, ರಾಯಚೂರಿನವರು ಗುಂತಕಲ್‌ಗೆ, ಬೀದರ್‌ನವರು ಸಿಕಂದರಾಬಾದ್‌ಗೆ, ಮಂಗಳೂರಿನವರು ಪಾಲಕ್ಕಾಡಿಗೆ ಬರೆಯಬೇಕಾಗುತ್ತದೆ. ಕಾರವಾರ, ಉಡುಪಿ ಕಡೆಯದು ಕೊಂಕಣ ರೈಲ್ವೆ.

ಕೊನೆಗೆ ನಮ್ಮ ಊರುಗಳಿಗೇ ಒಂದು ಮಾತು. ರೈಲ್ವೆ ಹಾಕಿದ ಬೇಲಿಯನ್ನು ರಾತ್ರಿ ಕಿತ್ತು ಬೈಕಿಗೆ ಸಂದಿ ಮಾಡುವವರು ಹೊರಗಿನಿಂದ ಬಂದವರಲ್ಲ. ನೀರಿಲ್ಲದ ಬೇಸಿಗೆಯಲ್ಲೂ ಕೆಳಸೇತುವೆ ಬಿಟ್ಟು ಹಳಿ ಮೇಲೆ ಬೈಕ್ ಎತ್ತಿ ದಾಟಿಸುವುದು ಅನಿವಾರ್ಯವಲ್ಲ, ಸೋಮಾರಿತನ. ಎದುರಿಗೆ ಮನುಷ್ಯರನ್ನು ಕಂಡೂ ರೈಲು ನಿಲ್ಲಿಸಲಾಗದೆ ಕೈಚೆಲ್ಲುವ ಲೋಕೋ ಪೈಲಟ್‌ಗೂ ಮನೆಯಿದೆ, ನಿದ್ದೆ ಬೇಕು. ದಾರಿ ಕೇಳುವ ಹಕ್ಕು ನಮಗಿದೆ. ಕೊಟ್ಟ ದಾರಿಯನ್ನು ಬಳಸುವ ಜವಾಬ್ದಾರಿಯೂ ನಮ್ಮದೇ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ನಮ್ಮ ಹಳೆಯ ಚಾಳಿ. ಈ ಮಳೆಗಾಲಕ್ಕೆ ಮುಂಚೆ ನಿಮ್ಮ ಊರಿನ ಹಳೇ ಗೇಟಿನ ಹತ್ತಿರ ಒಮ್ಮೆ ಹೋಗಿ ನೋಡಿ. ಸಂದಿಯಲ್ಲಿ ನೆಲ ನುಣ್ಣಗಿದ್ದರೆ ಅಲ್ಲಿ ಜನ ದಾಟುತ್ತಿದ್ದಾರೆ ಎಂದು ಅರ್ಥ. ಅದರ ಫೋಟೋ ತೆಗೆದು, ಗ್ರಾಮಸಭೆಯ ಅರ್ಜಿಗೆ ಲಗತ್ತಿಸಿ ಕಳಿಸಿ. ಆ ಲೆಕ್ಕದ ಹಾಳೆಯಲ್ಲಿ ಸೊನ್ನೆ ಎಂದು ಬರೆದ ಕಡೆ ನಿಜವಾದ ಸಂಖ್ಯೆ ಬರಲಿ.